ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ. ಮನೆಯ ಕೆಲಸ, ಮನೆಯ ಮಾತು ಯಾರದ್ದು?

ತಿಪಟೂರಿನವಳು

ನಮ್ಮ ಬೀದಿಯಲ್ಲಿ ಎಷ್ಟು ಕುಟುಂಬಗಳಿವೆ ಅಂತ ಕೇಳಿದರೆ ಒಂದೇ ಲೆಕ್ಕ ಸಿಗುವುದಿಲ್ಲ. ಒಂದೇ ಸೂರಿನ ಕೆಳಗೆ ಅಣ್ಣ ತಮ್ಮ ಇಬ್ಬರೂ ಇರುತ್ತಾರೆ. ಕರೆಂಟ್ ಮೀಟರ್ ಒಂದು, ರೇಷನ್ ಕಾರ್ಡ್ ಎರಡು, ಒಲೆ ಮೂರು. ಮೂರನೇ ಒಲೆ ವಯಸ್ಸಾದ ತಾಯಿಯದು. ಜನಗಣತಿಯವರಿಗೆ ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಆಹಾರ ಇಲಾಖೆಗೆ ಒಂದು ಕಾರ್ಡ್ ಅಂದರೆ ಒಂದು ಕುಟುಂಬ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಮೀಟರ್ ನಂಬರ್ ಹಿಡಿದು ಮನೆ ಗುರುತಿಸಿದರು. ಮೂರಕ್ಕೂ ತಾಳೆಯಾಗುವುದಿಲ್ಲ.

ಮನೆಗಳು ಸಣ್ಣದಾಗಿವೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಕೇಳಬೇಕೆಂದಿರುವುದು ಬೇರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ, ರೇಷನ್ ಕಾರ್ಡಿನ ಮಟ್ಟಿಗೆ 18 ತುಂಬಿದ ಹೆಂಗಸರಲ್ಲಿ ಹಿರಿಯವಳೇ ಮನೆಯ ಮುಖ್ಯಸ್ಥೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ದುಡ್ಡು ಅತ್ತೆಗೋ ಸೊಸೆಗೋ ಅಂತ ಊರೂರಲ್ಲಿ ಮಾತಾಯಿತು. ಬೆಳಗ್ಗೆ ಎದ್ದು ಒಲೆ ಹಚ್ಚುವವರು ಯಾರು, ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು, ತೋಟ ಮಾರುವಾಗ ಯಾರನ್ನು ಕೇಳುತ್ತಾರೆ, ಇದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, 2019ರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88. ಹೆಂಗಸರ ಕೆಲಸ ಹತ್ತು ನಿಮಿಷ ಕಡಿಮೆಯಾಯಿತು, ಸರಿ. ಆದರೆ ಗಂಡಸರದ್ದೂ ಕಡಿಮೆಯಾಯಿತಲ್ಲ! ಅಂದರೆ ಹಂಚಿಕೆ ಬದಲಾಗಿಲ್ಲ. ಮಿಕ್ಸಿ, ಗ್ಯಾಸ್, ನಲ್ಲಿ ನೀರು ಬಂದು ಒಂದಿಷ್ಟು ಹೊತ್ತು ಉಳಿದಿರಬಹುದು ಅಷ್ಟೇ.

ಮನೆಯ ಆಕಾರ ಬದಲಾದಷ್ಟು ಬೇಗ ಮನೆಯೊಳಗಿನ ಕೆಲಸ ಬದಲಾಗಿಲ್ಲ ಅನ್ನೋದು ನನ್ನ ನಂಬಿಕೆ. ನಿಮ್ಮ ಊರು, ನಿಮ್ಮ ಮನೆಯಲ್ಲಿ ಹೇಗಿದೆ? ಕೂಡು ಕುಟುಂಬ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಹಳೇ ವಾದ ಬೇಡ. ಯಾರು ಏನು ಮಾಡುತ್ತಾರೆ ಅನ್ನೋದನ್ನು ಬರೆಯಿರಿ.

ಹುಬ್ಬಳ್ಳಿ ಮಾಸ್ತರ್

ಹಳೇ ವಾದ ಬೇಡ ಅಂದಿರಿ. ಆದರೂ ಒಂದು ಮಾತು ಹೇಳಲೇಬೇಕು. ಸೊಸೆಯಂದಿರು ಬಂದು ಮನೆ ಒಡೆದರು ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ಅದು ಸುಳ್ಳು. ಹೊಲ ಸಣ್ಣದಾಯಿತು. 1970ರ ದಶಕದ ಆರಂಭದಲ್ಲಿ ರಾಜ್ಯದಲ್ಲಿ ಒಂದು ಹಿಡುವಳಿ ಸರಾಸರಿ ಮೂರು ಹೆಕ್ಟೇರ್‌ಗೂ ಜಾಸ್ತಿ ಇತ್ತು. 2015-16ರ ಹೊತ್ತಿಗೆ ಒಂದೂವರೆ ಹೆಕ್ಟೇರ್‌ಗಿಂತ ಕೆಳಗಿಳಿಯಿತು. ನಾಲ್ಕು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು ಅಷ್ಟು ಹೊಲದಲ್ಲಿ ಬದುಕಲು ಆಗುವುದಿಲ್ಲ. ಒಬ್ಬ ಡ್ರೈವರ್ ಆಗುತ್ತಾನೆ, ಒಬ್ಬ ಗೋವಾಕ್ಕೆ ಹೋಗುತ್ತಾನೆ. ದುಡಿಮೆ ಬೇರೆ ಆದ ಮೇಲೆ ಒಲೆ ಬೇರೆ ಆಗುತ್ತದೆ. ಕೊನೆಗೆ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ. ಧಾರವಾಡ ಜಿಲ್ಲೆಯ ಲೋಕೂರಿನಂಥ ಊರಲ್ಲಿ ನೂರಕ್ಕೂ ಹೆಚ್ಚು ಜನರ ಮನೆ ಒಂದೇ ಆಗಿ ಉಳಿದಿದ್ದು ಪೇಪರಿನಲ್ಲಿ ಸುದ್ದಿಯಾಗುತ್ತದೆ. ಅಪರೂಪ ಅಂತಲೇ ಅದು ಸುದ್ದಿ.

ಇನ್ನು ಕೆಲಸದ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ದೊಡ್ಡ ಮನೆಯಲ್ಲಿ ಅಡುಗೆಗೆ ಪಾಳಿ ಇತ್ತು. ಈ ವಾರ ಹಿರಿ ಸೊಸೆ ರೊಟ್ಟಿ ಬಡಿದರೆ ಮುಂದಿನ ವಾರ ನಡುವಿನವಳು. ಒಬ್ಬಳು ಬಾಣಂತಿ ಆದರೆ ಉಳಿದವರು ಎತ್ತಿ ಹಿಡಿಯುತ್ತಿದ್ದರು. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಸೀರೆ ಯಾವಾಗ ಕೊಳ್ಳಬೇಕು, ತವರಿಗೆ ಯಾವಾಗ ಹೋಗಬೇಕು, ಎಲ್ಲ ಹಿರಿಯರು ಹೇಳಿದಂತೆ. ಬೇರೆಯಾದ ಮೇಲೆ ಹೆಣ್ಣುಮಗಳಿಗೆ ಮಾತು ಸಿಕ್ಕಿತು, ಪಾಳಿ ಹೋಯಿತು. ಈಗ ಜ್ವರ ಬಂದರೂ ರೊಟ್ಟಿ ಅವಳೇ ಬಡಿಯಬೇಕು. ಗಂಡ ಆ ಪಾಳಿಗೆ ಸೇರಲಿಲ್ಲ.

ಒಂದು ಬದಲಾವಣೆ ಮಾತ್ರ ಕಣ್ಣಿಗೆ ಕಾಣುವಂತಿದೆ. ಹುಬ್ಬಳ್ಳಿ, ಧಾರವಾಡದಲ್ಲಿ ಕಟಕ್ ರೊಟ್ಟಿ ಕಟ್ಟಿ ಮಾರುವ ಹೆಂಗಸರು ಬಹಳ ಇದ್ದಾರೆ. ನೌಕರಿ ಮಾಡುವವರ ಮನೆಗೆ ರೊಟ್ಟಿ ಹೊರಗಿನಿಂದ ಬರುತ್ತದೆ. ಮನೆಯಲ್ಲಿ ಲೆಕ್ಕಕ್ಕಿಲ್ಲದ ಅದೇ ಕೆಲಸಕ್ಕೆ ಹೊರಗೆ ಬೆಲೆ ಸಿಕ್ಕಿತು.

ಅರಸೀಕೆರೆ ಅತ್ತೆ

ಮಗಳು ಫೋನಿನಲ್ಲಿ ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ.

ನಮ್ಮ ಕಾರ್ಡಿನಲ್ಲಿ ನಾನೇ ಯಜಮಾನಿ. 2000 ನನ್ನ ಖಾತೆಗೇ ಬರುತ್ತದೆ. ಅದಕ್ಕೆ ಮುಂಚೆ ನನ್ನ ಹೆಸರಿಗೆ ಅಂತ ಬೇರೆ ದುಡ್ಡು ಬಂದಿದ್ದಿಲ್ಲ. ಶುಗರ್ ಮಾತ್ರೆ ತರುತ್ತೇನೆ, ಮೊಮ್ಮಗಳಿಗೆ ಶೂ ಕೊಡಿಸುತ್ತೇನೆ. ಮಗನ ಮುಂದೆ ಕೈ ಚಾಚುವುದು ತಪ್ಪಿತು. 2023ರ ಜೂನ್‌ನಲ್ಲಿ ಬಸ್ ಫ್ರೀ ಆದ ಮೇಲೆ ತಂಗಿ ಮನೆಗೆ ಹೋಗಿ ಬರುತ್ತೇನೆ. ಮೊದಲು ಅದಕ್ಕೂ ಯಾರಾದರೂ ಕರೆದುಕೊಂಡು ಹೋಗಬೇಕಿತ್ತು. ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಅವರಿಗೆ ನಮ್ಮ ಕಷ್ಟ ಗೊತ್ತಿಲ್ಲ.

ಆದರೆ ನೀವು ಕೇಳಿದ ಕೆಲಸ ಇದೆಯಲ್ಲ, ಅದನ್ನೂ ಹೇಳುತ್ತೇನೆ. ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಗ್ಗೆ ಏಳಕ್ಕೆ ಗಾಡಿ ಬರುತ್ತದೆ. ಮಗುವನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಶಾಲೆಗೆ ಬಿಟ್ಟು, ಮಧ್ಯಾಹ್ನ ಊಟ ಕೊಟ್ಟು, ಸಂಜೆ ಸೊಸೆ ಬರುವ ಹೊತ್ತಿಗೆ ಅನ್ನ ಸಾರು ಮಾಡಿಡುವವಳು ನಾನು. ಸೊಸೆ ಸಂಬಳ ತರುವುದಕ್ಕೆ ನನ್ನ ಮಂಡಿ ನೋವೂ ಸೇರಿದೆ. ಎಲ್ಲರೂ ಸೊಸೆ ಕೆಲಸಕ್ಕೆ ಹೋಗುತ್ತಾಳೆ ಅನ್ನುತ್ತಾರೆ. ನಾನು ಮನೆಯಲ್ಲಿ "ಸುಮ್ನೆ ಇದೀನಿ" ಅನ್ನುತ್ತಾರೆ.

ಎರಡು ಮಕ್ಕಳ ಅಪ್ಪ, ಬೆಂಗಳೂರು

ಅಮ್ಮನ ವಯಸ್ಸಿನ ಒಬ್ಬರು ಇದನ್ನು ಬರೆದಿದ್ದು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಅವರು ಮಾಡುವ ಕೆಲಸವೇ ಈಗ ನನ್ನದೂ. ಹೆಂಡತಿಗೆ ನನಗಿಂತ ಒಳ್ಳೆ ಸಂಬಳ. ಎರಡನೇ ಮಗು ಆದ ಮೇಲೆ ನಾನು ನೌಕರಿ ಬಿಟ್ಟು ಮನೆ ನೋಡಿಕೊಳ್ಳುತ್ತೇನೆ. ಇದನ್ನು ತ್ಯಾಗ ಅಂತ ಯಾರೂ ಕರೆಯಬೇಡಿ. ಲಕ್ಷಾಂತರ ಹೆಂಗಸರು ಮಾಡಿದಾಗ ಯಾರೂ ಹಾಗೆ ಕರೆಯಲಿಲ್ಲ.

ಕಷ್ಟ ಅಡುಗೆಯದಲ್ಲ. ಅಡುಗೆ ಕಲಿಯಬಹುದು. ನೆನಪಿಟ್ಟುಕೊಳ್ಳುವ ಕೆಲಸವೇ ಜಾಸ್ತಿ. ಲಸಿಕೆ ಯಾವಾಗ, ಹಾಲಿನವನಿಗೆ ಎಷ್ಟು ಬಾಕಿ, ಯುಗಾದಿಗೆ ಯಾರ ಮನೆಗೆ ಏನು ಕಳಿಸಬೇಕು, ಅತ್ತಿಗೆಯ ಮಗನ ನಾಮಕರಣಕ್ಕೆ ಉಡುಗೊರೆ ಏನು. ಇದೆಲ್ಲ ತಲೆಯಲ್ಲಿ ಓಡುತ್ತಲೇ ಇರುತ್ತದೆ. ಸಮೀಕ್ಷೆಯ ಆ 289 ನಿಮಿಷದಲ್ಲಿ ಇದು ಸೇರಿರುವುದಿಲ್ಲ ಅನ್ನಿಸುತ್ತದೆ, ಯಾಕೆಂದರೆ ಇದನ್ನು ಬೇರೆ ಕೆಲಸ ಮಾಡುತ್ತಲೇ ಮಾಡುತ್ತೇವೆ.

ಮಕ್ಕಳ ಶಾಲೆಯಲ್ಲಿ ನನ್ನ ನಂಬರ್ ಮೊದಲು ಕೊಟ್ಟಿದ್ದೇನೆ. ಆದರೂ ಮಗುವಿಗೆ ಜ್ವರ ಬಂದರೆ ಮೀಟಿಂಗ್‌ನಲ್ಲಿರುವ ಹೆಂಡತಿಗೇ ಫೋನ್ ಹೋಗುತ್ತದೆ. ಕಾನೂನೂ ಹಾಗೇ ಯೋಚಿಸುತ್ತದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ ತಾಯಿಗೆ 26 ವಾರ ಸಂಬಳ ಸಹಿತ ರಜೆ ಸಿಕ್ಕಿತು. ಅದು ಬೇಕೇ ಬೇಕಿತ್ತು. ಅಪ್ಪನಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದರೆ 15 ದಿನ. ಖಾಸಗಿ ಕಂಪನಿಯಲ್ಲಿದ್ದರೆ ಕಂಪನಿ ಕೊಟ್ಟಷ್ಟು. ಮಗು ಹುಟ್ಟಿದ ಮೊದಲ ತಿಂಗಳಲ್ಲಿ ಅಪ್ಪ ಮನೆಯಲ್ಲಿಲ್ಲದಿದ್ದರೆ ಮಗುವಿನ ಕೆಲಸ ಅಮ್ಮನ ಕೆಲಸ ಅಂತ ಅಲ್ಲೇ ಪಕ್ಕಾ ಆಗಿಬಿಡುತ್ತದೆ. ಆಮೇಲೆ ಅದನ್ನು ಬದಲಾಯಿಸುವುದು ಕಷ್ಟ.

ಮಂಡ್ಯ ಕಡೆಯವನು

ಸಂಸಾರ ಕಟ್ಟುವುದಕ್ಕೇ ಆಗದವರ ಕಥೆಯನ್ನೂ ಇಲ್ಲಿ ಸೇರಿಸಿ. 2023ರ ಫೆಬ್ರವರಿಯಲ್ಲಿ ನಮ್ಮ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟೀವಿಯವರು ಅದನ್ನು ತಮಾಷೆ ಮಾಡಿ ತೋರಿಸಿದರು. ಹೋದವರಿಗೆ ಅದು ತಮಾಷೆ ಆಗಿರಲಿಲ್ಲ. ಮೂವತ್ತು ದಾಟಿದ ಮಗ, ಕೈಲಾಗದ ತಾಯಿ, ಇಬ್ಬರೇ ಇರುವ ಮನೆಗಳು ಊರಲ್ಲಿ ಎಷ್ಟೋ ಇವೆ. ಅದೂ ಹೊಸ ಥರದ ಕುಟುಂಬವೇ.

ಹುಡುಗಿಯರು ದುಡ್ಡು ನೋಡುತ್ತಾರೆ, ಸಿಟಿ ಬೇಕು ಅನ್ನುತ್ತಾರೆ ಅಂತ ಬೈಯುವವರು ಜಾಸ್ತಿ. ನನ್ನ ತಂಗಿ ನೇರವಾಗಿ ಹೇಳಿದಳು, "ನಾನು ಅಮ್ಮನ ಬದುಕು ನೋಡಿದ್ದೇನೆ". ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಹುಲ್ಲು ಕೊಯ್ದು ತರುವವಳು ಅಮ್ಮ. ಡೈರಿಯ ಸದಸ್ಯತ್ವ ಅಪ್ಪನ ಹೆಸರಲ್ಲಿ. ಬಿಲ್ ಅಪ್ಪನ ಕೈಗೆ. ಮಹಿಳಾ ಹಾಲು ಸಂಘ ಇರುವ ಊರುಗಳಲ್ಲಿ ಇದು ಸ್ವಲ್ಪ ಬೇರೆ. ಅಲ್ಲಿ ದುಡ್ಡು ಹೆಂಗಸರ ಹೆಸರಿಗೇ ಹೋಗುತ್ತದೆ. ನಮ್ಮೂರಲ್ಲಿ ಇಲ್ಲ.

ಇನ್ನೊಂದನ್ನೂ ಹೇಳದೆ ಬಿಡಬಾರದು. 2011ರ ಗಣತಿಯಲ್ಲಿ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳಿದ್ದರು. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯಲ್ಲೇ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಹೆಣ್ಣು ಹುಟ್ಟುವುದು ಬೇಡ ಅಂದವರ ಊರಲ್ಲೇ ಹೆಣ್ಣು ಸಿಗಲಿ ಅಂತ ಬೆಟ್ಟ ಹತ್ತುತ್ತಿದ್ದೇವೆ. ಈ ನೋವನ್ನು ನಾವು ಗಂಡಸರೇ ಮಾತಾಡಬೇಕು.

ಕರಾವಳಿ ಮನೆ

ಮೊದಲಿದ್ದದ್ದು ಒಂದೇ ಥರದ ಕುಟುಂಬ, ಈಗಷ್ಟೇ ಬದಲಾಯಿತು ಅಂತ ಓದುವಾಗ ನಮ್ಮ ತುಳುನಾಡಿನವರಿಗೆ ಸ್ವಲ್ಪ ಕಸಿವಿಸಿ. ನಮ್ಮಲ್ಲಿ ಅಳಿಯಸಂತಾನ ಕಟ್ಟು ಇತ್ತು. ಬಂಟರು, ಬಿಲ್ಲವರು ಸೇರಿ ಹಲವು ಸಮುದಾಯಗಳಲ್ಲಿ ವಂಶ, ಆಸ್ತಿ ಎಲ್ಲ ತಾಯಿಯ ಕಡೆಯಿಂದ. ಮಕ್ಕಳಿಗೆ ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ಬರುವುದು ಅಮ್ಮನದ್ದು. ಮದುವೆಯಾದ ಮೇಲೂ ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕು ಇರುತ್ತಿತ್ತು. ಮದ್ರಾಸ್ ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೇ ಕಟ್ಟು ನಿಧಾನವಾಗಿ ಸಡಿಲವಾಯಿತು.

ಆದರೆ ಹೆಮ್ಮೆಯಲ್ಲಿ ಒಂದು ಸತ್ಯ ಮರೆಯಬಾರದು. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿದು ಬಂದರೂ, ಬಹಳಷ್ಟು ಮನೆಗಳಲ್ಲಿ ಯಜಮಾನಿಕೆ ಮಾಡಿದ್ದು ಸೋದರಮಾವ. ಗೇಣಿ ಲೆಕ್ಕ, ಕೋರ್ಟು, ಮದುವೆ ಮಾತುಕತೆ ಎಲ್ಲ ಅವನೇ. ಯಜಮಾನ್ತಿ ಇದ್ದ ಮನೆಗಳೂ ಇದ್ದವು, ಕಡಿಮೆ. ಹಾಗಾಗಿ ತಿಪಟೂರಿನವರ ಪ್ರಶ್ನೆ ನಮಗೆ ಹೊಸದಲ್ಲ. ಹೆಸರು ಹೆಣ್ಣಿನದು, ನಿರ್ಧಾರ ಬೇರೆಯವರದು ಅನ್ನೋದನ್ನು ನಾವು ತಲೆಮಾರುಗಳಿಂದ ನೋಡಿದ್ದೇವೆ.

ಈಗ ನಮ್ಮ ಕುಟುಂಬದ ಮನೆಗೆ ಬೀಗ. ಮುಂಬೈ, ದುಬೈ, ಬೆಂಗಳೂರಿಂದ ಎಲ್ಲರೂ ದೈವದ ನೇಮಕ್ಕೆ, ತಂಬಿಲದ ಪೂಜೆಗೆ ಬರುತ್ತೇವೆ. ಆ ದಿನ ಒಂದೇ ಮನೆ. ಮರುದಿನ ಅವರವರ ಫ್ಲ್ಯಾಟು.

ಹಳೇ ಓದುಗ

ಎಲ್ಲರೂ ನಿಮಿಷ ಲೆಕ್ಕ ಹಾಕುತ್ತಿದ್ದೀರಿ. ಮನೆ ಅಂದರೆ ಆಫೀಸಲ್ಲ. ಅಮ್ಮ ಮಾಡಿದ್ದನ್ನು ಕೆಲಸ ಅಂತ ಅಳೆದರೆ ಅದರಲ್ಲಿದ್ದ ಪ್ರೀತಿ ಎಲ್ಲಿ ಹೋಯಿತು? ನನಗೆ ನಿಜಕ್ಕೂ ಬೇಸರವಾಗುತ್ತಿದೆ.

ತಿಪಟೂರಿನವಳು

ಬೇಸರ ಅರ್ಥವಾಗುತ್ತದೆ. ಆದರೆ ಪ್ರೀತಿ ಇದ್ದರೂ ಸೊಂಟ ನೋಯುತ್ತದೆ ಅಲ್ವಾ? ಅರಸೀಕೆರೆಯ ಅಮ್ಮ ಮೊಮ್ಮಗಳನ್ನು ಪ್ರೀತಿಸುವುದಿಲ್ಲ ಅಂತ ಎಲ್ಲಿ ಹೇಳಿದರು? "ಸುಮ್ನೆ ಇದೀನಿ" ಅನ್ನಿಸಿಕೊಳ್ಳುವುದು ನೋವು ಅಂದರು. ಲೆಕ್ಕ ಹಾಕುವುದು ಪ್ರೀತಿಗೆ ಬೆಲೆ ಕಟ್ಟುವುದಕ್ಕಲ್ಲ. ಒಬ್ಬರ ಮೇಲೇ ಎಷ್ಟು ಬಿದ್ದಿದೆ ಅಂತ ಉಳಿದವರ ಕಣ್ಣಿಗೆ ಕಾಣಲಿ ಅಂತ. ಹೊಲದ ಪಾಲಿಗೆ ಸರ್ವೆಯವರನ್ನು ಕರೆಸಿ ಗುಂಟೆ ಗುಂಟೆ ಅಳೆಸುತ್ತೇವೆ. ಆಗ ಅಣ್ಣತಮ್ಮಂದಿರ ಪ್ರೀತಿಯ ಪ್ರಶ್ನೆ ಯಾರೂ ಎತ್ತುವುದಿಲ್ಲ.

ಒಬ್ಬಳೇ ಮಗಳು

ನನ್ನ ಅಪ್ಪ ಅಮ್ಮ ಸಾಗರದಲ್ಲಿ, ನಾನು ಬೆಂಗಳೂರಲ್ಲಿ. ಗಂಡನೂ ಒಬ್ಬನೇ ಮಗ. ನಾಲ್ವರು ಹಿರಿಯರು, ನೋಡಿಕೊಳ್ಳಲು ನಾವಿಬ್ಬರು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆ ಪ್ರಮಾಣ 1.7 ಇತ್ತು. ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ನಮ್ಮಂಥವರು ಇನ್ನು ಜಾಸ್ತಿಯೇ ಆಗುತ್ತಾರೆ.

ಅಪ್ಪನಿಗೆ ಬೈಪಾಸ್ ಆದಾಗ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಪ್ಪ ದಿನಾ ಕೇಳುತ್ತಿದ್ದರು, "ಅಳಿಯನ ಮನೆಯಲ್ಲಿ ಎಷ್ಟು ದಿನ ಇರುವುದು?" ಸಾಲದ ಕಂತು ಅರ್ಧ ನಾನೇ ಕಟ್ಟುತ್ತೇನೆ. ಆದರೂ ಅಪ್ಪನ ಕಣ್ಣಿಗೆ ಅದು ಅಳಿಯನ ಮನೆ. ಗಂಡ ಒಳ್ಳೆಯವನು, ರಾತ್ರಿ ಎದ್ದು ಮಾತ್ರೆ ಕೊಟ್ಟಿದ್ದಾನೆ. ಬಂದ ನೆಂಟರೆಲ್ಲ ಅವನನ್ನು ಹೊಗಳಿದರು. ನಾನು ಅವನ ಅಮ್ಮನಿಗೆ ಮಾಡಿದ್ದನ್ನು ಯಾರೂ ಹೊಗಳಲಿಲ್ಲ, ಅದು ಸೊಸೆಯ ಕರ್ತವ್ಯ ಅಂದರು. ನನಗೆ ಹೊಗಳಿಕೆ ಬೇಡ. ಇಬ್ಬರಿಗೂ ಒಂದೇ ಅಳತೆ ಇರಲಿ ಅಷ್ಟೇ.

ನ್ಯೂಜೆರ್ಸಿಯಿಂದ

ಇಲ್ಲಿನ ಕನ್ನಡದ ಮನೆಗಳಲ್ಲಿ ಬಾಣಂತನ ಅಂದರೆ ವೀಸಾದ ಲೆಕ್ಕ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಮೊದಲ ಆರು ತಿಂಗಳು ಹೆಂಡತಿಯ ಅಪ್ಪ ಅಮ್ಮ, ಆಮೇಲೆ ಗಂಡನ ಅಪ್ಪ ಅಮ್ಮ. ಮಾಸ್ತರ್ ಹೇಳಿದ ಪಾಳಿ ಇಲ್ಲಿ ಅಜ್ಜಿಯರ ನಡುವೆ ನಡೆಯುತ್ತದೆ. ಊರಲ್ಲಿ ಅಕ್ಕಪಕ್ಕದವರ ಜೊತೆ ಮಾತಾಡಿಕೊಂಡು ಇದ್ದವರು ಇಲ್ಲಿ ಚಳಿಗಾಲವಿಡೀ ಮನೆಯೊಳಗೆ, ಅಡುಗೆ, ಮಗು, ಸ್ನಾನದ ನೀರು. ಅಜ್ಜಂದಿರು ವಾಕಿಂಗ್ ಹೋಗುತ್ತಾರೆ. ಅರಸೀಕೆರೆಯ ಅಮ್ಮನ ಮಾತು ಇಲ್ಲಿನ ಅಜ್ಜಿಯರದ್ದೂ ಹೌದು.

ಯಾದಗಿರಿಯಿಂದ

ನಮ್ಮ ಕಡೆ ಗುಳೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ. ಊರಲ್ಲಿ ಉಳಿಯುವುದು ಅಜ್ಜ ಅಜ್ಜಿ, ಮೊಮ್ಮಕ್ಕಳು. ಎಂಟು ಹತ್ತು ವರ್ಷದ ಹೆಣ್ಣು ಮಗುವೇ ತಮ್ಮನನ್ನು ಎತ್ತಿಕೊಂಡು ತಿರುಗುತ್ತದೆ. ಅವಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ನೀವೆಲ್ಲ ಗಂಡ ಹೆಂಡತಿ ನಡುವಿನ ಹಂಚಿಕೆ ಬರೆಯುತ್ತಿದ್ದೀರಿ. ಇಲ್ಲಿ ಇಬ್ಬರಿಗೂ ಬಿಡುವಿಲ್ಲ. ಕೆಲಸ ಇಳಿದು ಮಗುವಿನ ಸೊಂಟಕ್ಕೆ ಬರುತ್ತದೆ.

ಒಂದು ಒಳ್ಳೆ ಕೆಲಸ ಆಗಿದೆ. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಶುರು ಮಾಡಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು, ಮೂರು ವರ್ಷದವರೆಗೆ, ಅಲ್ಲಿ ನೋಡಿಕೊಳ್ಳುತ್ತಾರೆ. ನಡೆಯುವ ಕಡೆ ಚೆನ್ನಾಗಿ ನಡೆಯುತ್ತದೆ. ಅಕ್ಕಂದಿರು ಶಾಲೆಗೆ ಬರಲು ಶುರು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮನೆಯೊಳಗೆ ಹಂಚಿಕೊಳ್ಳಲು ಯಾರೂ ಇಲ್ಲದಾಗ ಊರು ಹಂಚಿಕೊಳ್ಳಬೇಕು. ಇದಕ್ಕೆ ದುಡ್ಡು ನಿಲ್ಲಿಸಬಾರದು ಅಂತ ಎಲ್ಲರೂ ತಮ್ಮ ಪಂಚಾಯಿತಿಯಲ್ಲಿ ಕೇಳಿ.

ವಕೀಲೆ, ಶಿವಮೊಗ್ಗ

"ಒಬ್ಬಳೇ ಮಗಳು" ಬರೆದವರಿಗೆ ಮೊದಲು ಹೇಳುತ್ತೇನೆ. ದಯವಿಟ್ಟು ಒಂದು ವಿಲ್ ಬರೆದಿಡಿ. ಹಿಂದೂ ಹೆಣ್ಣುಮಗಳು ವಿಲ್ ಇಲ್ಲದೆ ತೀರಿಕೊಂಡರೆ, ಗಂಡ ಮಕ್ಕಳು ಯಾರೂ ಇಲ್ಲದಿದ್ದರೆ, ಅವಳು ತಾನೇ ದುಡಿದು ಗಳಿಸಿದ ಆಸ್ತಿ ಅಪ್ಪ ಅಮ್ಮನಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. 1956ರ ಕಾಯ್ದೆಯ 15ನೇ ಸೆಕ್ಷನ್ ಅದು. ಅಪ್ಪ ಅಮ್ಮನಿಂದ ಬಂದ ಆಸ್ತಿಯಾದರೆ, ಮಕ್ಕಳಿಲ್ಲದಿದ್ದರೆ, ಅಪ್ಪನ ಕಡೆಗೆ ವಾಪಸ್ ಹೋಗುತ್ತದೆ. ದುಡಿಯುವ ಮಗಳು ಅಪ್ಪ ಅಮ್ಮನನ್ನು ಸಾಕುವ ಈ ಕಾಲಕ್ಕೆ ಈ ನಿಯಮ ಹೊಂದುವುದಿಲ್ಲ. ಬದಲಾಗುವವರೆಗೆ ವಿಲ್ ಒಂದೇ ದಾರಿ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕ ಮುಂದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ನಮ್ಮ ರಾಜ್ಯದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾನೂನು ಇಷ್ಟು ಸ್ಪಷ್ಟ ಇದ್ದರೂ ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಪಾಲು ಕೇಳಲು ಬರುವುದಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬರುತ್ತಾರೆ. ತವರು ತಪ್ಪಬಾರದಲ್ಲ ಅನ್ನುತ್ತಾರೆ. ಅಣ್ಣನೇ ಆಟೋ ಮಾಡಿ ಕರೆದುಕೊಂಡು ಬಂದಿರುತ್ತಾನೆ. ಪಾಲು ಇಲ್ಲದಿದ್ದರೂ ಅಪ್ಪನಿಗೆ ಪಾರ್ಶ್ವವಾಯು ಆದಾಗ ಫೋನ್ ಬರುವುದು ಇದೇ ಮಗಳಿಗೆ.

ಹಿರಿಯರ ವಿಷಯಕ್ಕೆ 2007ರ ಪಾಲಕರ ಪೋಷಣೆ ಕಾಯ್ದೆ ಇದೆ. ನಮ್ಮಲ್ಲಿ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಕೊಡಬಹುದು. ಮಗ, ಮಗಳು ಇಬ್ಬರ ಮೇಲೂ ಹೊಣೆ ಇದೆ. ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಅದು ಇವತ್ತಿನ ಔಷಧಿ ಖರ್ಚಿಗೂ ಸಾಲದು. ಕಷ್ಟದಲ್ಲಿರುವ ಹಿರಿಯರು 14567 ಸಹಾಯವಾಣಿಗೂ ಫೋನ್ ಮಾಡಬಹುದು.

ಹುಬ್ಬಳ್ಳಿ ಮಾಸ್ತರ್

ವಕೀಲರ ಮಾತು ಓದಿ ಇನ್ನೊಂದು ಹೊಳೆಯಿತು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮುಗಿದ ಮೇಲೆ ಜಾಗ ಗುಡಿಸುವವರು ಯಾವಾಗಲೂ ಹುಡುಗಿಯರೇ ಆಗಿದ್ದರು. ಯಾರೂ ಹೇಳಿರಲಿಲ್ಲ, ಅವರೇ ಎದ್ದು ಪೊರಕೆ ಹಿಡಿಯುತ್ತಿದ್ದರು. ಪಾಳಿ ಮಾಡಿದೆವು, ಹುಡುಗರದ್ದೂ ಸೇರಿಸಿ. ಮೊದಲು ಒಬ್ಬಿಬ್ಬರು ತಂದೆಯರು ಬಂದು ಜಗಳ ಮಾಡಿದರು, ನಮ್ಮ ಹುಡುಗನ ಕೈಗೆ ಪೊರಕೆ ಯಾಕೆ ಅಂತ. ಈಗ ಯಾರೂ ಕೇಳುವುದಿಲ್ಲ.

ಅರಸೀಕೆರೆ ಅತ್ತೆ

ವಕೀಲಮ್ಮನಿಗೆ ಒಂದು ಪ್ರಶ್ನೆ. ನಾವಿರುವ ಮನೆ ನಮ್ಮೆಜಮಾನರು ನನ್ನ ಹೆಸರಿಗೆ ಮಾಡಿ ಹೋದರು. ಸೊಸೆ ಆರು ವರ್ಷದಿಂದ ಸಂಬಳದಲ್ಲಿ ಇದರ ಸಾಲ ತೀರಿಸಿದ್ದಾಳೆ. ಅವಳ ಹೆಸರು ಎಲ್ಲೂ ಇಲ್ಲ. ಮಗನ ಹೆಸರಿಗೆ ಮಾತ್ರ ಬರೆದರೆ ನಾಳೆ ಅವಳಿಗೆ ಏನು ಗತಿ? ಇಬ್ಬರ ಹೆಸರಿಗೂ ಬರೆಯಬಹುದಾ? ಆಮೇಲೆ ನನ್ನನ್ನು ನೋಡಿಕೊಳ್ಳದಿದ್ದರೆ?

ವಕೀಲೆ, ಶಿವಮೊಗ್ಗ

ಬರೆಯಬಹುದು ಅಮ್ಮ. ಎರಡು ದಾರಿ ಇದೆ. ದಾನಪತ್ರ ರಿಜಿಸ್ಟರ್ ಮಾಡಿದರೆ ಮನೆ ಇವತ್ತೇ ಅವರದ್ದಾಗುತ್ತದೆ. ಹಾಗೆ ಮಾಡುವುದಾದರೆ "ನನ್ನ ಜೀವ ಇರುವವರೆಗೆ ಇದೇ ಮನೆಯಲ್ಲಿ ಇಟ್ಟುಕೊಂಡು ಊಟ, ಔಷಧಿ ನೋಡಿಕೊಳ್ಳಬೇಕು" ಅಂತ ಷರತ್ತನ್ನು ಪತ್ರದಲ್ಲೇ ಬರೆಸಿ. ಅರವತ್ತು ದಾಟಿದವರು ಬರೆದ ಪತ್ರದಲ್ಲಿ ಈ ಷರತ್ತಿದ್ದು ಅವರು ತಪ್ಪಿದರೆ, ಅದೇ 2007ರ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ದಾನಪತ್ರ ರದ್ದು ಮಾಡಿಸಲು ಕೇಳಬಹುದು. ಬಾಯಿಮಾತಿನ ಭರವಸೆ ನಂಬಬೇಡಿ.

ಎರಡನೆಯದು ವಿಲ್. ಅದರಲ್ಲಿ ಮಗ ಸೊಸೆ ಇಬ್ಬರ ಹೆಸರೂ ಬರೆಯಬಹುದು. ನೀವಿರುವವರೆಗೆ ಮನೆ ನಿಮ್ಮದೇ, ಮನಸ್ಸು ಬದಲಾದರೆ ವಿಲ್ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ನಿಮ್ಮ ಪರಿಸ್ಥಿತಿಗೆ ನಾನಾಗಿದ್ದರೆ ವಿಲ್ಲೇ ಆಯ್ದುಕೊಳ್ಳುತ್ತಿದ್ದೆ. ಸೊಸೆ ಸಾಲ ಕಟ್ಟಿದ ಬ್ಯಾಂಕ್ ರಸೀದಿಗಳನ್ನು ಅವರ ಹತ್ತಿರವೇ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ.

ಅರಸೀಕೆರೆ ಅತ್ತೆ

ಸರಿ ತಾಯಿ. ವಿಲ್ಲೇ ಬರೆಸುತ್ತೇನೆ. ಭಾನುವಾರ ಸೊಸೆಗೆ ರಜೆ. ಮಗ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಮೊದಲು ಅವರಿಗೆ ಹೇಳಿ, ಆಮೇಲೆ ಬರೆಸಲು ಹೋಗುತ್ತೇವೆ. ಆ ದಿನ ಅಡುಗೆ ಮಗನೇ ಮಾಡಲಿ ಅಂತಲೂ ಹೇಳುತ್ತೇನೆ.